ಗುಂಡಿ ಇರುವ ಶರ್ಟಿಗೆ ಮ್ಯಾಗ್ನೆಟ್ ಕಫ್‌ಲಿಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಟೈಲರ್. ಅದೇ ಅಂಗಡಿಯ ಮುಂದಿನ ಅರ್ಧದಲ್ಲಿ ನಾನು ಶರ್ಟು, ಟೈ, ಕಫ್‌ಲಿಂಕ್ (ಶರ್ಟಿನ ತೋಳಿನ ತುದಿಯ ಪಟ್ಟಿ, ಅಂದರೆ ಕಫ್‌ಗೆ ಹಾಕುವ ಒಡವೆ) ಮಾರುತ್ತೇನೆ. ಮದುವೆ ಸೀಸನ್ ಶುರುವಾದರೆ ಸಾಕು, ಬಂದವರದ್ದೆಲ್ಲ ಒಂದೇ ಮಾತು: "ಅಣ್ಣ, ರಿಸೆಪ್ಶನ್‌ಗೆ ಸೂಟ್ ರೆಡಿ ಇದೆ, ಶರ್ಟಿಗೆ ಮಾಮೂಲಿ ಗುಂಡಿ ಇದೆ, ಕಫ್‌ಲಿಂಕ್ ಹಾಕೋಕೆ ಆಗುತ್ತಾ?" ಆಗುತ್ತೆ. ಆದರೆ ಯಾವುದು, ಹೇಗೆ ಅನ್ನೋದಕ್ಕೆ ಹತ್ತು ನಿಮಿಷದ ವಿವರಣೆ ಬೇಕು. ಹೇಳಿ ಹೇಳಿ ಸುಸ್ತಾಗಿ ಇಲ್ಲಿ ಬರೆದಿದ್ದೇನೆ.

ನನ್ನ ಶರ್ಟಿನ ಕಫ್‌ನಲ್ಲಿ ಒಂದು ಕಡೆ ಮಾತ್ರ ಕಾಜ ಇದೆ, ಇನ್ನೊಂದು ಕಡೆ ಗುಂಡಿ. ಕಫ್‌ಲಿಂಕ್ ಎಲ್ಲಿ ತೂರಿಸೋದು?

ತೂರಿಸೋದೇ ಇಲ್ಲ. ಮಾಮೂಲಿ ಕಫ್‌ಲಿಂಕ್‌ಗೆ ಎರಡೂ ಕಡೆ ಕಾಜ ಬೇಕು, ಅದಕ್ಕೇ ಡಬಲ್ ಕಫ್ ಶರ್ಟ್ ಅಂತ ಬೇರೆ ಹೊಲಿಸುವುದು. ಮ್ಯಾಗ್ನೆಟ್‌ನದ್ದು ಎರಡು ತುಂಡು. ಮುಂದಿನ ತುಂಡಿನ ಹಿಂಭಾಗ ಸಣ್ಣ ಬಟ್ಟಲಿನ ಹಾಗೆ ಗುಳಿ ಬಿದ್ದಿರುತ್ತೆ, ಗುಂಡಿ ಅದರೊಳಗೆ ಕೂರುತ್ತೆ. ಹಿಂದಿನದು ಚಪ್ಪಟೆ ಬಿಲ್ಲೆ. ಅದನ್ನು ಕಫ್ ಒಳಗಿಂದ, ಮಣಿಕಟ್ಟಿನ ಕಡೆಯಿಂದ ಇಡುತ್ತೀರಿ. ಬಟ್ಟೆ ನಡುವೆ ಸಿಕ್ಕಿ ಎರಡೂ ಹಿಡಿದುಕೊಳ್ಳುತ್ತವೆ. ನೋಡುವವರಿಗೆ ಕಾಣುವುದು ಮುಂದಿನ ತುಂಡು ಮಾತ್ರ.

ಅಂಗಡಿಯಲ್ಲಿ "ಮ್ಯಾಗ್ನೆಟ್ ಕಫ್‌ಲಿಂಕ್" ಅಂತ ಕೇಳಿದರೆ ಇನ್ನೊಂದು ಜಾತಿಯನ್ನೂ ಕೊಡುತ್ತಾರೆ, ಹುಷಾರು. ಅದರಲ್ಲಿ ಕಡ್ಡಿಯನ್ನು ಎರಡು ಕಾಜದ ಮೂಲಕ ತೂರಿಸಿ, ಆಚೆ ತುದಿಗೆ ಮ್ಯಾಗ್ನೆಟ್ ಮುಚ್ಚಳ ಹಾಕುವುದು. ಬೆರಳು ನೋವಿರುವವರಿಗೆ ಒಳ್ಳೆಯದು, ಆದರೆ ಗುಂಡಿ ಶರ್ಟಿಗೆ ಆಗಲ್ಲ. ಇನ್ನು ಮ್ಯಾಗ್ನೆಟ್ಟೇ ಇಲ್ಲದ, ಗುಂಡಿಯ ಮೇಲೆ ಕ್ಲಿಪ್ಪಿನ ಹಾಗೆ ಮಡಚಿ ಕೂರುವ ಬಟನ್ ಕವರ್ ಕೂಡ ಇದೆ. ಅದರ ಮಾತು ಮುಂದೆ ಬರುತ್ತೆ.

ಹಾಗಾದರೆ ಒಳಗೆ ಗುಂಡಿ ಹಾಕಿಕೊಂಡೇ ಇರಬೇಕಾ?

ಹೌದು, ಇದೇ ಮುಖ್ಯ. ಕಫ್ ಹಿಡಿಯುವ ಕೆಲಸ ಗುಂಡಿಯದ್ದು. ಮ್ಯಾಗ್ನೆಟ್ ಬರೀ ಒಡವೆ. ಇದನ್ನು ತಿಳಿದುಕೊಂಡವರಿಗೆ ತೊಂದರೆ ಆಗಿದ್ದು ನಾನು ನೋಡಿಲ್ಲ. ಗುಂಡಿ ಬಿಚ್ಚಿ, ಎರಡು ಅಂಚನ್ನು ಮ್ಯಾಗ್ನೆಟ್‌ನಿಂದಲೇ ಹಿಡಿಸಲು ಹೋದವರು ಅರ್ಧ ಗಂಟೆಯಲ್ಲಿ ವಾಪಸ್ ಬಂದು ಬೈದಿದ್ದಾರೆ. ಗುಂಡಿ ಹಾಕಿದ್ದರೆ, ಕಫ್‌ಲಿಂಕ್ ಎಲ್ಲೋ ಬಿದ್ದರೂ ನಿಮ್ಮ ತೋಳು ಜೋಲಾಡುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ.

ನನ್ನ ಶರ್ಟಿಗೆ ಸರಿಹೋಗುತ್ತಾ ಅಂತ ಮೊದಲೇ ಹೇಗೆ ತಿಳಿಯೋದು?

ಎರಡು ಅಳತೆ ತಗೊಳ್ಳಿ. ಒಂದು ಗುಂಡಿಯದ್ದು, ಒಂದು ಕಫ್ ದಪ್ಪದ್ದು.

ಗುಂಡಿಯನ್ನು ಟೈಲರ್‌ಗಳು, ಬಟನ್ ಅಂಗಡಿಯವರು ಲೈನ್ ಲೆಕ್ಕದಲ್ಲಿ ಹೇಳುತ್ತಾರೆ. 40 ಲೈನ್ ಅಂದರೆ ಒಂದು ಇಂಚು. ಶರ್ಟಿಗೆ ಸಾಮಾನ್ಯವಾಗಿ 16 ಅಥವಾ 18 ಲೈನ್, ಅಂದರೆ ಸುಮಾರು 10.2 ಅಥವಾ 11.4 ಮಿ.ಮೀ. ಅಗಲ. ಬಟ್ಟಲಿನ ಒಳ ಅಗಲ 12 ಮಿ.ಮೀ. ಇದ್ದರೆ ಎರಡೂ ಕೂರುತ್ತವೆ. ಆಳವನ್ನೂ ನೋಡಿ. ಗುಂಡಿ ಎಷ್ಟು ತೆಳುವಾಗಿದ್ದರೂ ಅದರ ಕೆಳಗೆ ದಾರ ಸುತ್ತಿ ಎತ್ತರಿಸಿರುತ್ತಾರೆ, ಹಾಗಾಗಿ 3 ಮಿ.ಮೀ.ಗಿಂತ ಕಡಿಮೆ ಆಳದ ಬಟ್ಟಲು ಗುಂಡಿಯ ಮೇಲೆ ಕುಂಟುತ್ತಾ ನಿಲ್ಲುತ್ತೆ. ಚಿಪ್ಪಿನ ದಪ್ಪ ಗುಂಡಿಯಾದರೆ 4 ಬೇಕು.

ಇನ್ನು ದಪ್ಪ. ಗುಂಡಿ ಹಾಕಿದ ಕಫ್‌ನಲ್ಲಿ ನಾಲ್ಕು ಪದರ ಬಟ್ಟೆ, ಜೊತೆಗೆ ಎರಡು ಪದರ ಬಕ್ರಂ (ಕಫ್ ಗಟ್ಟಿಯಾಗಿ ನಿಲ್ಲಲು ಒಳಗಿಡುವ ಬಟ್ಟೆ) ಇರುತ್ತೆ. ಸಾಮಾನ್ಯ ಕಾಟನ್ ಶರ್ಟಿನಲ್ಲಿ ಇದೆಲ್ಲ ಸೇರಿ 2 ಮಿ.ಮೀ. ಆಸುಪಾಸು. ಡೆನಿಮ್ಮೋ ದಪ್ಪ ಖಾದಿಯೋ ಆದರೆ ಇನ್ನೂ ಜಾಸ್ತಿ. ನಡುವಿನ ಅಂತರ ಸ್ವಲ್ಪ ಹೆಚ್ಚಾದರೂ ಮ್ಯಾಗ್ನೆಟ್ ಹಿಡಿತ ತುಂಬಾ ಬೇಗ ಇಳಿದುಬಿಡುತ್ತೆ, ಬರಿಗೈಯಲ್ಲಿ ಅಂಟಿಸಿ ನೋಡಿದಾಗ "ಅಬ್ಬಾ ಎಷ್ಟು ಗಟ್ಟಿ" ಅನಿಸಿದ್ದು ಬಟ್ಟೆಯ ಮೇಲೆ ಪುಸ್ಸಾಗುವುದು ಇದಕ್ಕೇ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಜೆರಾಕ್ಸ್ ಹಾಳೆ ಒಂದು ಸುಮಾರು 0.1 ಮಿ.ಮೀ. ದಪ್ಪ. 20 ಹಾಳೆ ಒಟ್ಟಿಗೆ ಇಟ್ಟರೆ ಅದೇ ನಿಮ್ಮ ಕಫ್. ಎರಡು ತುಂಡಿನ ನಡುವೆ ಅದನ್ನಿಟ್ಟು, ಹಾಳೆಗಳನ್ನು ಹಿಡಿದು ಜೋರಾಗಿ ಕೊಡವಿ. ಮ್ಯಾಗ್ನೆಟ್ ಬಟ್ಟಲಿನ ಅಂಚಿನ ಸುತ್ತ ಬಳೆಯ ಹಾಗೆ ಇದ್ದರೆ 20 ಹಾಳೆ ಸಾಕು. ಬಟ್ಟಲಿನ ತಳದಲ್ಲಿದ್ದರೆ ಗುಂಡಿಯ ದಪ್ಪವೂ ಬಟ್ಟಲಿನೊಳಗೆ ಅಂತರವಾಗಿ ಸೇರುತ್ತೆ, ಅದು ಪರೀಕ್ಷೆಯಲ್ಲಿ ತನ್ನಿಂತಾನೇ ಲೆಕ್ಕಕ್ಕೆ ಬರುತ್ತೆ. ಬಿದ್ದರೆ ಬಿಟ್ಟುಬಿಡಿ, ಎಷ್ಟೇ ಚೆಂದ ಇದ್ದರೂ ಬೇಡ.

ಕಫ್‌ನಲ್ಲಿ ಪಕ್ಕಪಕ್ಕ ಎರಡು ಗುಂಡಿ ಇವೆಯಲ್ಲ?

ರೆಡಿಮೇಡ್ ಶರ್ಟಿನ ಕಥೆ. ಮಣಿಕಟ್ಟು ಸಣ್ಣದಿದ್ದವರಿಗೂ ದೊಡ್ಡದಿದ್ದವರಿಗೂ ಆಗಲಿ ಅಂತ ಎರಡು ಹಾಕಿರುತ್ತಾರೆ. ಸಡಿಲದ ಗುಂಡಿ ಹಾಕಿದರೆ ಇನ್ನೊಂದು ಕಫ್‌ಲಿಂಕ್ ಪಕ್ಕದಲ್ಲೇ ಬೋಳಾಗಿ ಕಾಣುತ್ತೆ, ಬಿಗಿಯದ್ದು ಹಾಕಿದರೆ ಇನ್ನೊಂದು ಒಳಗೆ ಉಬ್ಬುತ್ತೆ. ಬೇಡದ್ದನ್ನು ಬ್ಲೇಡಿನಿಂದ ತೆಗೆದುಬಿಡಿ, ಎರಡು ನಿಮಿಷದ ಕೆಲಸ. ಆ ಗುಂಡಿ ಎಸೆಯಬೇಡಿ, ಮುಂದೆ ಎದೆಯದ್ದು ಕಿತ್ತಾಗ ಬೇಕಾಗುತ್ತೆ. ಮೇಲೆ ಕೆಳಗೆ ಎರಡು ಗುಂಡಿ ಇರುವ ಅಗಲ ಕಫ್ ಆದರೆ ಮಾತ್ರ ನನಗೆ ಯಾವ ಉಪಾಯವೂ ಇಷ್ಟವಾಗಿಲ್ಲ. ಬೇರೆ ಶರ್ಟ್ ಹಾಕಿ.

ಪ್ಯಾಕೆಟ್ ಮೇಲೆ ಎನ್35, ಎನ್52 ಅಂತ ಬರೆದಿರುತ್ತೆ, ಯಾವುದು ತಗೋಬೇಕು?

ಇವೆಲ್ಲ ನಿಯೋಡಿಮಿಯಂ ಮ್ಯಾಗ್ನೆಟ್‌ಗಳು. 1980ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಸುಮಿಟೊಮೊ ಕಂಪನಿಯವರೂ ಅಮೆರಿಕದ ಜನರಲ್ ಮೋಟರ್ಸ್‌ನವರೂ ಬೇರೆಬೇರೆಯಾಗಿ ಕಂಡುಹಿಡಿದದ್ದು. ಅದಕ್ಕೂ ಮುಂಚಿನ ಕಪ್ಪು ಫೆರೈಟ್ ಮ್ಯಾಗ್ನೆಟ್‌ನಲ್ಲಿ ಇಷ್ಟು ಸಣ್ಣ ಒಡವೆಗೆ ಇಷ್ಟು ಹಿಡಿತ ಬರುತ್ತಿರಲಿಲ್ಲ. ನಂಬರ್ ಹೆಚ್ಚಿದ್ದಷ್ಟೂ ಅದೇ ಗಾತ್ರದಲ್ಲಿ ಶಕ್ತಿ ಹೆಚ್ಚು, ನಿಜ. ಆದರೆ ಬಿಲ್ಲೆ ಎಷ್ಟು ದಪ್ಪ, ಮುಂದಿನ ತುಂಡಿನ ಮ್ಯಾಗ್ನೆಟ್‌ಗೆ ಎಷ್ಟು ಹತ್ತಿರ ಅನ್ನುವುದು ಆ ನಂಬರಿಗಿಂತ ಜಾಸ್ತಿ ಮುಖ್ಯ. ಬರೀ ಎನ್52 ಅಂತ ದುಡ್ಡು ಜಾಸ್ತಿ ಕೇಳಿದರೆ ಹಾಳೆ ಪರೀಕ್ಷೆ ಮಾಡಿ ತೋರಿಸಿ ಅನ್ನಿ.

ಕೈ ಬೀಸಿದರೆ ಬಿದ್ದುಹೋಗಲ್ವಾ?

ಕೈ ಬೀಸಿದರೆ ಬೀಳಲ್ಲ. ಜಾರಿದರೆ ಬೀಳುತ್ತೆ. ಮ್ಯಾಗ್ನೆಟ್ಟನ್ನು ನೇರವಾಗಿ ಎಳೆದು ಬಿಡಿಸುವುದು ಕಷ್ಟ, ಪಕ್ಕಕ್ಕೆ ಸರಿಸಿದರೆ ಸಲೀಸು. ಫ್ರಿಜ್ಜಿನ ಬಾಗಿಲ ಮೇಲೆ ನೀವೇ ನೋಡಿರುತ್ತೀರಿ. ಬಟ್ಟಲಿನ ಆಕಾರದ ಉಪಯೋಗ ಇಲ್ಲೇ ಇರುವುದು: ಗುಂಡಿ ಒಳಗೆ ಗೂಟದ ಹಾಗೆ ನಿಂತಿರುತ್ತೆ, ಜಾರಲು ಬಿಡಲ್ಲ. ಹಿಂಭಾಗ ಚಪ್ಪಟೆ ಇರುವ, ಗುಂಡಿ ತೆಗೆದು ಬರೀ ಬಟ್ಟೆಗೆ ಅಂಟಿಸಿ ಅನ್ನುವ ಅಗ್ಗದ ಜಾತಿಯನ್ನು ನಾನು ಅಂಗಡಿಯಲ್ಲಿ ಇಡುವುದನ್ನೇ ಬಿಟ್ಟೆ.

ಬೀಳುವುದು ಹೆಚ್ಚಾಗಿ ಕೋಟು ಹಾಕುವಾಗ. ಕೋಟಿನ ತೋಳು ಕಫ್ ಮೇಲೆ ಉಜ್ಜಿಕೊಂಡು ಹೋಗುತ್ತೆ. ಅದಕ್ಕೆ ಮೊದಲು ಕೋಟು, ಆಮೇಲೆ ಕಫ್‌ಲಿಂಕ್. ತೆಗೆಯುವಾಗ ಉಲ್ಟಾ. ಎರಡನೆಯ ಶತ್ರು ಕಬ್ಬಿಣ. ಬೀರುವಿನ ಬಾಗಿಲಿಗೋ ಗೇಟಿಗೋ ಕೈ ತಗುಲಿದರೆ ನಿಮ್ಮ ಶರ್ಟಿಗಿಂತ ಅದಕ್ಕೇ ಹೆಚ್ಚು ಪ್ರೀತಿಯಿಂದ ಅಂಟಿಕೊಳ್ಳುತ್ತೆ.

ಹಾಕಿಕೊಳ್ಳುವ ಸರಿಯಾದ ಕ್ರಮ?

ಗುಂಡಿ ಹಾಕಿ. ಮುಂದಿನ ತುಂಡನ್ನು ಗುಂಡಿಯ ಮೇಲೆ ಕೂರಿಸಿ ಹೆಬ್ಬೆರಳಿನಿಂದ ಹಿಡಿದುಕೊಳ್ಳಿ. ತೋರುಬೆರಳ ತುದಿಯಲ್ಲಿ ಬಿಲ್ಲೆ ಇಟ್ಟುಕೊಂಡು ಕಫ್ ಒಳಗೆ ತಳ್ಳಿ, ಹತ್ತಿರ ಹೋದ ಕೂಡಲೇ ಟಕ್ ಅಂತ ತಾನೇ ಹಾರಿ ಕೂರುತ್ತೆ. ತಳ್ಳಿದಷ್ಟೂ ದೂರ ಓಡಿದರೆ ಬಿಲ್ಲೆ ಉಲ್ಟಾ ಆಗಿದೆ, ತಿರುಗಿಸಿ. ಸರಿಯಾದ ಮುಖಕ್ಕೆ ಒಂದು ಚುಕ್ಕಿ ನೈಲ್ ಪಾಲಿಶ್ ಹಚ್ಚಿಟ್ಟರೆ ಪ್ರತಿ ಸಲ ಪರದಾಡಬೇಕಿಲ್ಲ.

ವಾಚಿಗೆ ತೊಂದರೆ ಆಗುತ್ತಾ?

ಆಗಬಹುದು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬ್ಯಾಟರಿ ವಾಚಾದರೆ ಮ್ಯಾಗ್ನೆಟ್ ಹತ್ತಿರ ಇದ್ದಷ್ಟು ಹೊತ್ತು ಮುಳ್ಳು ನಿಲ್ಲಬಹುದು, ದೂರ ಸರಿಸಿದರೆ ಮತ್ತೆ ಓಡುತ್ತೆ. ಟೈಮ್ ಸರಿ ಮಾಡಿಕೊಂಡರೆ ಮುಗಿಯಿತು. ಕೀಲಿ ಕೊಡುವ ವಾಚು, ಆಟೋಮ್ಯಾಟಿಕ್ ವಾಚು ಬೇರೆ. ಅದರೊಳಗೆ ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಇರುತ್ತೆ. ಅದಕ್ಕೆ ಅಯಸ್ಕಾಂತ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ಮುಂದೆ ಮುಂದೆ ಓಡುತ್ತೆ. "ಮ್ಯಾಗ್ನೆಟ್ ತಡೆಯುತ್ತೆ" ಅಂತ ಬರೆದ ವಾಚುಗಳ ಸಾಮಾನ್ಯ ಮಾನದಂಡ ಸುಮಾರು 60 ಗಾಸ್ (ಅಯಸ್ಕಾಂತದ ಬಲ ಅಳೆಯುವ ಲೆಕ್ಕ). ನಿಯೋಡಿಮಿಯಂ ಬಿಲ್ಲೆಯ ಮೈಮೇಲೆ ಸಾವಿರಾರು ಗಾಸ್ ಇರುತ್ತೆ.

ಒಬ್ಬ ಹುಡುಗ ತನ್ನ ಮದುವೆಗೆ ಅಪ್ಪನ ಎಚ್‌ಎಂಟಿ ಜನತಾ ಕಟ್ಟಿಕೊಂಡಿದ್ದ. 1961ರಿಂದ ಬೆಂಗಳೂರಿನಲ್ಲಿ ವಾಚು ಮಾಡಿದ ಎಚ್‌ಎಂಟಿಯ ಕೀಲಿ ವಾಚು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಇದೆ. ಎಡಗೈಗೆ ವಾಚು, ಅದರ ಮೇಲೇ ಬಿಲ್ಲೆ. ಮರುದಿನ ನೋಡಿದರೆ ವಾಚು ಗಂಟೆಗೆ ಹಲವು ನಿಮಿಷ ಮುಂದೆ. ವಾಚು ಕೆಟ್ಟಿತು ಅಂತ ಅಳುಮುಖ ಮಾಡಿಕೊಂಡು ಬಂದ. ವಾಚ್ ರಿಪೇರಿಯವರ ಹತ್ತಿರ ಅಯಸ್ಕಾಂತ ಇಳಿಸುವ ಸಣ್ಣ ಪೆಟ್ಟಿಗೆ ಇರುತ್ತೆ, ಅದರ ಮೇಲೆ ಇಟ್ಟು ಎತ್ತಿದರು, ಸರಿಹೋಯಿತು. ಬಿಚ್ಚಲೂ ಇಲ್ಲ. ಹಾಗಂತ ನೀವು ಪರೀಕ್ಷೆ ಮಾಡಬೇಡಿ. ಇಂಥ ವಾಚು ಇದ್ದರೆ ಮ್ಯಾಗ್ನೆಟ್ ಬಿಟ್ಟು ಮೇಲೆ ಹೇಳಿದ ಕ್ಲಿಪ್ ಥರದ ಬಟನ್ ಕವರ್ ತಗೊಳ್ಳಿ.

ಲ್ಯಾಪ್‌ಟಾಪ್, ಫೋನು, ಎಟಿಎಂ ಕಾರ್ಡು?

ಲ್ಯಾಪ್‌ಟಾಪ್ ತಮಾಷೆಯದ್ದು. ಮುಚ್ಚಳ ಮುಚ್ಚಿದೆಯೋ ಇಲ್ಲವೋ ಅಂತ ತಿಳಿಯಲು ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಮ್ಯಾಗ್ನೆಟ್ ಗುರುತಿಸುವ ಸೆನ್ಸರ್ ಇರುತ್ತೆ. ಟೈಪ್ ಮಾಡಲು ಕೈ ಊರಿದ ಜಾಗ ಅದರ ಹತ್ತಿರ ಇದ್ದರೆ ಯಂತ್ರ ಮುಚ್ಚಳ ಮುಚ್ಚಿತು ಅಂದುಕೊಂಡು ಮಲಗಿಬಿಡುತ್ತೆ. ಬೆಂಗಳೂರಿನ ಒಬ್ಬ ಗಿರಾಕಿ ಪ್ರೆಸೆಂಟೇಶನ್ ಮಧ್ಯೆ ಮೂರು ಸಲ ಸ್ಕ್ರೀನ್ ಕಪ್ಪಾಗಿ ಐಟಿ ವಿಭಾಗಕ್ಕೆ ದೂರು ಕೊಟ್ಟಿದ್ದರಂತೆ. ಕೈ ಎತ್ತಿದರೆ ಸರಿ. ಫೋನಿನ ದಿಕ್ಸೂಚಿ ಸ್ವಲ್ಪ ಹೊತ್ತು ತಪ್ಪು ತೋರಿಸಬಹುದು. ಕಾರ್ಡಿನ ಚಿಪ್ಪಿಗೆ, ಮೆಟ್ರೋ ಕಾರ್ಡಿಗೆ ಏನೂ ಆಗಲ್ಲ. ಹೋಟೆಲ್ ರೂಮಿನ ಕಪ್ಪು ಪಟ್ಟಿಯ ಕೀ ಕಾರ್ಡು ಮಾತ್ರ ಸುಲಭವಾಗಿ ಅಳಿಸಿಹೋಗುತ್ತೆ, ಎರಡನ್ನೂ ಒಂದೇ ಜೇಬಿಗೆ ಹಾಕಬೇಡಿ.

ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದಾರೆ. ಹಾಕಬಹುದಾ?

ಪೇಸ್‌ಮೇಕರ್ ಇರುವವರು ಹಾಕಲೇಬಾರದು. ಹತ್ತಿರ ಬಂದ ಮ್ಯಾಗ್ನೆಟ್ ಪೇಸ್‌ಮೇಕರ್‌ನ ಕೆಲಸದ ಕ್ರಮವನ್ನೇ ಬದಲಿಸಬಲ್ಲದು, ಶಾಕ್ ಕೊಡುವ ಡಿಫಿಬ್ರಿಲೇಟರ್ ಆದರೆ ಬೇಕಾದ ಹೊತ್ತಿನಲ್ಲಿ ಶಾಕ್ ಕೊಡದೇ ಇರಬಹುದು. ಮ್ಯಾಗ್ನೆಟ್ ಇರುವ ಫೋನು, ಸ್ಮಾರ್ಟ್‌ವಾಚ್‌ಗಳನ್ನು 6 ಇಂಚು, ಅಂದರೆ 15 ಸೆಂ.ಮೀ. ದೂರ ಇಡಿ ಅಂತ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಹೇಳಿದೆ. ನಮ್ಮಲ್ಲಿ ಕೈ ಮುಗಿದರೆ ಎರಡೂ ಕಫ್ ಎದೆಗೆ ಅಷ್ಟೇ ಹತ್ತಿರ ಬರುತ್ತವೆ, ಯೋಚನೆ ಮಾಡಿ. ನೀವು ಹಾಕಿಕೊಂಡು ಅಜ್ಜನ ಪಕ್ಕ ಕೂರುವುದರಲ್ಲಿ ತೊಂದರೆ ಇಲ್ಲ. ಬಿಗಿಯಾಗಿ ತಬ್ಬಿಕೊಳ್ಳುವ ಮುಂಚೆ ಬಿಚ್ಚಿ ಜೇಬಿಗೆ ಹಾಕಿ, ಅದೂ ಪ್ಯಾಂಟಿನ ಜೇಬಿಗೆ. ಎಂಆರ್‌ಐ ಕೋಣೆಗೆ ಅಂತೂ ಒಯ್ಯಲೇಬೇಡಿ.

ಚಿಕ್ಕ ಮಕ್ಕಳಿದ್ದಾರೆ.

ಹಾಗಿದ್ದರೆ ಮೇಜಿನ ಮೇಲೆ ಬಿಡಬೇಡಿ. ಎರಡು ಮ್ಯಾಗ್ನೆಟ್ ನುಂಗಿದರೆ ಕರುಳಿನ ಬೇರೆಬೇರೆ ಸುತ್ತಿನಲ್ಲಿದ್ದುಕೊಂಡೇ ಒಂದನ್ನೊಂದು ಎಳೆದು, ನಡುವೆ ಸಿಕ್ಕ ಕರುಳನ್ನು ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸಿ ಕಾಯುವುದು, ವಾಂತಿ ಮಾಡಿಸುವುದು ಬೇಡ. ನೇರ ಆಸ್ಪತ್ರೆಗೆ ಹೋಗಿ, ಮ್ಯಾಗ್ನೆಟ್ ಅಂತಲೇ ಹೇಳಿ.

ಮಣಿಕಟ್ಟಿನಲ್ಲಿ ತುರಿಕೆ, ಕೆಂಪು ಗುರುತು ಬಂತು.

ಬಿಲ್ಲೆಯ ಮೇಲೆ ನಿಕ್ಕಲ್ ಲೇಪ ಇರುತ್ತೆ, ಕೆಲವರ ಚರ್ಮಕ್ಕೆ ಅದು ಆಗಲ್ಲ. ಚರ್ಮಕ್ಕೆ ತಾಗುವ ಮುಖಕ್ಕೆ ತೆಳುವಾದ ಬಟ್ಟೆ ಅಂಟಿಸಿ, ಇಲ್ಲವೇ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಿ.

ಒಗೆಯುವಾಗ, ಇಸ್ತ್ರಿ ಮಾಡುವಾಗ?

ಬಿಚ್ಚಿ. ನಿಯೋಡಿಮಿಯಂ ಒಳಗೆ ಕಬ್ಬಿಣ ಇದೆ, ಮೇಲಿನ ಲೇಪ ಒಡೆದರೆ ತುಕ್ಕು ಹಿಡಿದು ಬಿಳಿ ಕಫ್ ಮೇಲೆ ಕಂದು ಚುಕ್ಕಿ ಬಿಡುತ್ತೆ. ಅದು ಸುಲಭಕ್ಕೆ ಹೋಗಲ್ಲ. ಮಂಗಳೂರು, ಉಡುಪಿ ಕಡೆಯ ಬೆವರಿಗೆ ಇನ್ನೂ ಬೇಗ, ಹಾಗಾಗಿ ತೆಗೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಇಡಿ. ಎರಡು ತುಂಡು ಟಪ್ ಅಂತ ಬಡಿದುಕೊಳ್ಳಲೂ ಬಿಡಬೇಡಿ, ನೋಡಲು ಲೋಹ, ಒಡೆಯುವುದು ಪಿಂಗಾಣಿಯ ಹಾಗೆ.

ಇಸ್ತ್ರಿ ಇನ್ನೂ ಕೆಟ್ಟದ್ದು. ಸಾಮಾನ್ಯ ನಿಯೋಡಿಮಿಯಂ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತೆ, ಕಾಟನ್‌ಗೆ ಇಟ್ಟ ಇಸ್ತ್ರಿ ಪೆಟ್ಟಿಗೆ 200 ಡಿಗ್ರಿಯ ಹತ್ತಿರ ಇರುತ್ತೆ. ತಣ್ಣಗಾದ ಮೇಲೂ ಹೋದ ಶಕ್ತಿ ವಾಪಸ್ ಬರಲ್ಲ.

ಅಜ್ಜನ ಜುಬ್ಬಾದ ಚಿನ್ನದ ಗುಂಡಿಗಳಿವೆ. ಅದನ್ನೇ ಮ್ಯಾಗ್ನೆಟ್ ಕಫ್‌ಲಿಂಕ್ ಮಾಡಿಸಬಹುದಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಕಾಫಿ ಕೊಡಿಸುತ್ತೇನೆ. ಸಣ್ಣ ಸರಪಳಿಯಲ್ಲಿ ಪೋಣಿಸಿದ ಆ ಜುಬ್ಬಾ ಗುಂಡಿಗಳು ನಮ್ಮ ಕಡೆಯ ಕಫ್‌ಲಿಂಕ್ ಇದ್ದ ಹಾಗೆ, ಬಟ್ಟೆಗೆ ಹೊಲಿಯದೆ ಎರಡು ಕಾಜದ ಮೂಲಕ ಹಾಕುವಂಥವು. ಮಾಡಿಸಬಹುದು. ಚಿನ್ನಕ್ಕೆ, ಬೆಳ್ಳಿಗೆ ಮ್ಯಾಗ್ನೆಟ್ ಹಿಡಿಯಲ್ಲ, ಹಾಗಾಗಿ ಹಿಂದೆ ಬಟ್ಟಲು ಮಾಡಿ ಅದರೊಳಗೆ ಮ್ಯಾಗ್ನೆಟ್ ಕೂರಿಸಬೇಕು. ಅಕ್ಕಸಾಲಿಗರಿಗೆ ಒಂದು ಮಾತು ಹೇಳಿ: ಬೆಸುಗೆ ಮೊದಲು, ಮ್ಯಾಗ್ನೆಟ್ ಕೊನೆಗೆ, ಅದೂ ಅಂಟಿನಲ್ಲಿ. ಮ್ಯಾಗ್ನೆಟ್ ಇಟ್ಟು ಬೆಂಕಿ ಊದಿದರೆ ಅದು ಬರೀ ಬಿಲ್ಲೆ ಆಗಿಬಿಡುತ್ತೆ. ಮೂಲ ಗುಂಡಿಯನ್ನು ಕತ್ತರಿಸಲು ನಾನು ಹೇಳುವುದಿಲ್ಲ, ಆ ಸರಪಳಿ ಇನ್ನೊಂದು ಜುಬ್ಬಾಕ್ಕೆ ಬೇಕಾಗುತ್ತೆ.

ಬಿದರಿ ಕಫ್‌ಲಿಂಕ್ ಬಗ್ಗೆಯೂ ಕೇಳುತ್ತಾರೆ. ಬೀದರಿನ ಈ ಕೆಲಸಕ್ಕೆ 2006ರಲ್ಲಿ ಜಿಐ ಗುರುತು (ಆ ಊರಿನದ್ದೇ ಅನ್ನುವ ಭೌಗೋಳಿಕ ಮಾನ್ಯತೆ) ಸಿಕ್ಕಿದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕಪ್ಪಾಗಿಸುತ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಇದಕ್ಕೂ ಮ್ಯಾಗ್ನೆಟ್ ತಾನಾಗಿ ಹಿಡಿಯಲ್ಲ, ಹಿಂದೆ ಅಂಟಿಸಬೇಕು. ಕಪ್ಪು ಸೂಟಿಗೆ ಇದಕ್ಕಿಂತ ಚೆಂದದ್ದು ನಾನು ಕಂಡಿಲ್ಲ.

ಇಷ್ಟೆಲ್ಲ ಯಾಕೆ, ಟೈಲರ್ ಹತ್ತಿರ ಇನ್ನೊಂದು ಕಾಜ ಹೊಡೆಸಿದರೆ ಆಗಲ್ವಾ?

ಆಗುತ್ತೆ. ಗುಂಡಿ ತೆಗೆದು ಅದೇ ಜಾಗದಲ್ಲಿ ಕಾಜ ಹೊಡೆಸಿದರೆ ನಿಜವಾದ ಕಫ್‌ಲಿಂಕ್ ಹಾಕಬಹುದು. ವಾರಕ್ಕೊಮ್ಮೆ ಹಾಕುವವರಾದರೆ ನಾನು ಇದನ್ನೇ ಹೇಳುತ್ತೇನೆ, ವ್ಯಾಪಾರ ಹೋದರೂ ಪರವಾಗಿಲ್ಲ. ಆದರೆ ಆಮೇಲೆ ಆ ಶರ್ಟಿಗೆ ದಿನವೂ ಕಫ್‌ಲಿಂಕ್ ಬೇಕಾಗುತ್ತೆ. ಆಫೀಸಿಗೂ ಅದೇ ಶರ್ಟ್ ಹಾಕುವವರಿಗೆ, ಬಾಡಿಗೆಗೋ ಅಣ್ಣನಿಂದಲೋ ತಂದವರಿಗೆ ಮ್ಯಾಗ್ನೆಟ್ಟೇ ಸರಿ.

ಇದು ಸುಮ್ನೆ ತೋರಿಕೆ ಅಲ್ವಾ?

ತೋರಿಕೆಯೇ. ಟೈ ಯಾವ ಕೆಲಸಕ್ಕೆ ಬರುತ್ತೆ ಹೇಳಿ.

ಮದುವೆ ಊಟಕ್ಕೆ ಕೂತಾಗ ಏನು ಮಾಡೋದು?

ಬಲಗೈಯದ್ದು ಬಿಚ್ಚಿ, ಎರಡು ತುಂಡನ್ನೂ ಒಂದಕ್ಕೊಂದು ಅಂಟಿಸಿ ಜೇಬಿಗೆ ಹಾಕಿ, ತೋಳು ಮಡಚಿ. ಸಾರು ಕಲಸುವ ಕೈಯಲ್ಲಿ ಕಫ್‌ಲಿಂಕ್ ಯಾರಿಗೂ ಚೆಂದ ಕಾಣಲ್ಲ. ಇದನ್ನು ಬಡಾಯಿಗೆ ಹೇಳುತ್ತಿಲ್ಲ, ಕೆಳಗೆ ಓದಿ.

ಒಂದೇ ಒಂದು ಕಳೆದುಹೋದರೆ ಬಿಡಿ ಸಿಗುತ್ತಾ?

ಹಿಂದಿನ ಬಿಲ್ಲೆ ಸಿಗುತ್ತೆ, ಅದೇ ಅಗಲದ್ದು ಯಾವುದಾದರೂ ನಡೆಯುತ್ತೆ. ಮುಂದಿನದು ಸಿಗಲ್ಲ, ಜೊತೆಯನ್ನೇ ಕೊಳ್ಳಬೇಕು. ಕಳೆದ ಕೂಡಲೇ ನೆಲ ನೋಡಬೇಡಿ, ಸುತ್ತಲಿನ ಕಬ್ಬಿಣ ನೋಡಿ. ಚಿಕ್ಕಪ್ಪನ ಮಗನ ಮದುವೆಯಲ್ಲಿ ನಾನು ಬಲಗೈಯದ್ದು ಬಿಚ್ಚದೆ ಊಟಕ್ಕೆ ಕೂತೆ. ಒಬ್ಬಟ್ಟಿನ ಹೊತ್ತಿಗೆ ಕಫ್ ಖಾಲಿ. ಎಲೆಯ ಕೆಳಗೆ, ಕುರ್ಚಿಯ ಕೆಳಗೆ, ಪಕ್ಕದವರ ಪಂಚೆಯ ನೆರಿಗೆಯಲ್ಲಿ ಎಲ್ಲ ಹುಡುಕಿದೆವು. ಇಲ್ಲ. ಕೊನೆಯ ಪಂಕ್ತಿ ಎದ್ದ ಮೇಲೆ ಛತ್ರದ ಹುಡುಗರು ಮೇಜು ಮಡಚಲು ಶುರು ಮಾಡಿದರು. ನಾನು ಕೂತಿದ್ದ ಮೇಜು ಮಡಚಿಕೊಳ್ಳಲೇ ಇಲ್ಲ. ಬಗ್ಗಿ ನೋಡಿದರೆ ಹಲಗೆಯ ಅಡಿಯ ಕಬ್ಬಿಣದ ಪಟ್ಟಿಗೆ, ಸರಿಯಾಗಿ ಕೀಲಿನ ಸಂದಿಯಲ್ಲಿ, ನನ್ನ ಕಫ್‌ಲಿಂಕ್ ಅಂಟಿಕೊಂಡು ಕೂತಿತ್ತು. ಬಿಲ್ಲೆ ಮಾತ್ರ ಇವತ್ತಿಗೂ ಸಿಕ್ಕಿಲ್ಲ.